ಹಸಿದ ಜೀವಕೋಶ

ರೊಟ್ಟಿ ಬಡಿಯುವ ಸಪ್ಪಳ, ಅಣ್ಣನ ಹೆಂಡತಿ ಭುವನೇಶ್ವರಿ ವೈನಿಯ ಕೈಯದು, ಸುಟ್ಟ ಹಿಟ್ಟಿನ ವಾಸನೆ, ಹೊಗೆ, ಗೊಳಸಂಗಿ ಊರಿನ ಮನೆಯ ಈ ಅಡುಗೆಕೋಣೆಯ ಬಾಗಿಲಿಗೆ ಒರಗಿ ಕೂತ ಅವ್ವ, ಎಷ್ಟು ಸಣ್ಣಗಾಗಿದ್ದಾಳೆ, ತಾನು ದೀಪಾವಳಿಗೆ ಊರಿಗೆ ಬಂದಾಗ ಮೈತುಂಬ ಇದ್ದ ಕುಪ್ಪಸ ಈಗ ತೋಳಿನ ಮೇಲೆ ಜೋತುಬಿದ್ದಿದೆ, ಎದೆಯ ಕ್ಯಾನ್ಸರ್ ಗಂಟಿಗೆ ಸೊಲ್ಲಾಪುರದಲ್ಲಿ ಕೊಡುತ್ತಿರುವ ಔಷಧಿಯಿಂದ ಎಂದುಕೊಂಡಿದ್ದಳು ವಿದ್ಯಾವತಿ, ಔಷಧಿಯಿಂದಲ್ಲವಂತೆ, ವೈನಿ ಈಗಷ್ಟೇ ದನಿ ತಗ್ಗಿಸಿ ಹೇಳಿದಳು, ಅತ್ತಿ ದಿನಕ್ಕ ಅರ್ಧ ರೊಟ್ಟಿ ಅಷ್ಟ ಉಣ್ತಾರ, ನಿಮ್ಮ ಅಣ್ಣಾರು ಹೇಳ್ಯಾರ — ಅಣ್ಣ ಶ್ರೀಶೈಲನಿಗೆ ಇಂಡಿ ಊರಿನ ಸಂತೆಯಲ್ಲಿ ಯಾರೋ ಹೇಳಿದರಂತೆ, ಮೈಗೆ ಕೂಳು ಹಾಕದಿದ್ದರೆ ಗಂಟಿಗೂ ಕೂಳಿಲ್ಲ, ತಾನಾಗಿಯೇ ಒಣಗುತ್ತದೆ ಎಂದು, ಒಣಗುವುದಿಲ್ಲ ಅಣ್ಣಾ, ಮನಸ್ಸಿನಲ್ಲೇ ಅಂದಳು, ನಾನು ಕಣ್ಣಾರೆ ನೋಡಿದ್ದೇನೆ — ಪುಣೆಯ ಪ್ರಯೋಗಾಲಯ, ಕಿಟಕಿಯಿಲ್ಲದ ಆ ತಣ್ಣನೆಯ ಕೋಣೆ, ಎರಡು ಸಾವಿರದ ಐದರ ಬೇಸಿಗೆ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತ ತಾನು, ಬಟ್ಟಲಿನಲ್ಲಿ ಕ್ಯಾನ್ಸರಿನ ಜೀವಕೋಶಗಳು, ಅವುಗಳ ಆಹಾರ ತೆಗೆದುಬಿಟ್ಟಳು, ಸಾಯಲಿ ಎಂದು ಕಾದಳು, ಸಾಯಲಿಲ್ಲ, ಹಸಿವಾದೊಡನೆ ಒಳಗೊಂದು ಜೀನ್ ಎಚ್ಚೆತ್ತಿತು, ಕೋಶ ತನ್ನದೇ ಹಳೆಯ ಸರಕನ್ನು ತಾನೇ ತಿಂದು ಬದುಕತೊಡಗಿತು, ತಿನ್ನುವಲ್ಲೆಲ್ಲ ಹಸಿರು ಚುಕ್ಕೆ ಹೊಳೆಯುವಂತೆ ಮಾಡಿದ್ದಳು, ಬಟ್ಟಲ ತುಂಬ ಹಸಿರು — ಆರೋಗ್ಯವಂತ ಕೋಶದಲ್ಲಿ ಇದೇ ಜೀನ್ ಕಸವನ್ನು ತಿನ್ನಿಸಿ ಒಳಗೆಲ್ಲ ಚೊಕ್ಕವಾಗಿಡುತ್ತದೆ, ಅದು ಮಂಕಾದರೆ ಕೋಶ ಹದ್ದುಮೀರಿ ಬೆಳೆಯುತ್ತದೆ, ಕಾಯುವುದೂ ಅದೇ, ರೋಗ ಬಂದ ಮೇಲೆ ರೋಗವನ್ನು ಸಾಕುವುದೂ ಅದೇ, ಪ್ರಯೋಗಾಲಯದ ಗುರುಗಳು ನಕ್ಕು ಎರಡೂ ನಿಜ, ಎರಡನ್ನೂ ಬರಿ ಎಂದಿದ್ದರು, ಬರೆದಳು, ಆದರೆ ಹೊಲದಿಂದ ಬಂದು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿರುವ ಅಣ್ಣನಿಗೆ ಎರಡೂ ನಿಜ ಎಂದು ಹೇಗೆ ಹೇಳುವುದು.

ಅವನು ಒಳಗೆ ಬಂದಾಗ ಅರ್ಧವನ್ನೇ ಹೇಳಿದಳು, ಹಸಿದರೆ ಸೊರಗುವುದು ಅವ್ವ, ಗಂಟಲ್ಲ, ಮೈಯಲ್ಲಿ ಕಸುವಿಲ್ಲದಿದ್ದರೆ ಡಾಕ್ಟರು ಮುಂದಿನ ಔಷಧಿಯನ್ನೇ ಕೊಡುವುದಿಲ್ಲ — ಅಣ್ಣ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಹಗುರಾಗುತ್ತಿತ್ತು, ಅವ್ವನ ಪಕ್ಕ ಹೋಗಿ ಕೂತ, ಅವನ ಕೆನ್ನೆಯೂ ಒಳಗೆ ಹೋಗಿದೆಯಲ್ಲ, ಇವನಿಗೇನಾಗಿದೆ, ಆಗ ಅವ್ವ ಅಂದಳು, ಅಂವಾನೂ ಉಣ್ಣಾಂಗಿಲ್ಲ ವಿದ್ಯಾ, ನಾ ಉಪಾಸ ಇರೂದು ನೋಡಿ ಅವಗ ತುತ್ತ ಇಳಿಯೂದಿಲ್ಲ, ಇಷ್ಟ ಜೀವ ತೇಯಾಕತ್ತಾನ, ನಾ ಹ್ಯಾಂಗ ಬ್ಯಾಡ ಅನ್ನಲಿ — ಅಂದರೆ ಅವ್ವನಿಗೆ ಇದರಲ್ಲಿ ನಂಬಿಕೆಯೇ ಇರಲಿಲ್ಲ, ಮಗನ ಮನಸ್ಸು ಮುರಿಯಬಾರದೆಂದು ಅವಳು ಹಸಿದಿದ್ದಾಳೆ, ಅವಳೊಬ್ಬಳೇ ಹಸಿಯಬಾರದೆಂದು ಅವನು, ವೈನಿ, ಎರಡು ತಾಟು ಕೊಡ್ರಿ, ಅಂದಳು ವಿದ್ಯಾವತಿ, ಅಣ್ಣಾ, ನೀ ಮೊದಲ ಉಣ್ಣು, ನೀ ಉಂಡ್ರ ಅಕಿ ಉಣ್ತಾಳ. ಶ್ರೀಶೈಲ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡ, ಖರೇನ ಒಣಗಾಂಗಿಲ್ಲೇನ ತಂಗಿ, ಇಲ್ಲಣ್ಣಾ, ಹಾಗಾದರೆ ಔಷಧಿಯಿಂದಾದರೂ ಒಣಗುತ್ತದೆಯೇ ಎಂದು ಅವನು ಕೇಳಲಿಲ್ಲ, ಕೇಳಿದ್ದರೆ ಏನೆನ್ನುತ್ತಿದ್ದಳು, ಅವಳಿಗೂ ಗೊತ್ತಿಲ್ಲ — ತುತ್ತು ಬಾಯಿಗಿಟ್ಟ, ಕಣ್ಣು ತುಂಬಿದ್ದನ್ನು ಒರೆಸಿಕೊಳ್ಳಲಿಲ್ಲ, ಆ ತುತ್ತು ಅವನ ಗಂಟಲು ದಾಟುವವರೆಗೂ ಅವ್ವ ನೋಡುತ್ತಿದ್ದಳು, ಆಮೇಲೆ ತನ್ನ ಚೂರನ್ನು ಹಾಲಿನಲ್ಲಿ ಅದ್ದಿದಳು, ಬಾಯಿಗಿಟ್ಟಳು, ಅವ್ವನ ದವಡೆ, ತೆಳ್ಳನೆಯ ಚರ್ಮದಡಿ ಎಲುಬು, ಆಡಿತು, ನಿಂತಿತು, ನಿಲ್ಲಬೇಡ, ಮತ್ತೆ ಆಡಿತು, ಆ ದವಡೆ, ಬೇರೇನೂ ಹೊಳೆಯಲೊಲ್ಲದು ವಿದ್ಯಾವತಿಗೆ, ಮೆಲ್ಲಗೆ ಆಡುವ ಆ ದವಡೆ —