ಹೊರೆ ಯಾರದು ಮೊದಲು

"ನಾನೇನು ಅಜ್ಜಿ ಕತೆ ಹೇಳ್ತಿದ್ದೀನಾ, ನೀನು ಹೂಂಗುಟ್ಟೋಕೆ? ಜಗಳ ಆಡಮ್ಮ," ಎಂದು ಎಜ್ರಾ ಅಂಕಲ್ ಮೇಜು ಕುಟ್ಟಿದರು.

ಪರ್ಪೆಚುವಾಗೆ ಜಗಳ ಬಾರದೆಂದೇನಿಲ್ಲ. ಬೇಕಿದ್ದರೆ ಗಂಡ ಕ್ಲಾರೆನ್ಸನನ್ನು ಕೇಳಬಹುದು. ಆದರೆ ಎಂಬತ್ತೆಂಟರ ಹಿರಿಯರೊಡನೆ, ಅದೂ ಧರ್ಮಗ್ರಂಥ ಮುಂದಿಟ್ಟುಕೊಂಡು? ಕುಂದಾಪುರದ ಚರ್ಚಿನ ಧರ್ಮಶಿಕ್ಷಣದ ಕ್ಲಾಸಿನಲ್ಲಿ ಒಮ್ಮೆ 'ಯಾಕೆ' ಎಂದು ಕೇಳಿ ಅಂಗೈ ಕೆಂಪಗೆ ಮಾಡಿಸಿಕೊಂಡವಳು ಅವಳು. ಅಂದಿನಿಂದ ದೇವರ ಪುಸ್ತಕ ಕಂಡರೆ ಬಾಯಿಗೆ ಬೀಗ.

ಎಜ್ರಾ ಅಂಕಲ್ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಯಹೂದಿ. ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಐವತ್ತು ವರ್ಷವಾದರೂ ಕನ್ನಡಕ್ಕೆ ತುಕ್ಕು ಹಿಡಿದಿರಲಿಲ್ಲ. ಅದಕ್ಕೇ ಹೋಮ್ ಕೇರ್‌ನವರು ಸ್ನಾನ, ತಿಂಡಿ, ಮಾತ್ರೆ ನೋಡಿಕೊಳ್ಳಲು ಇವಳನ್ನೇ ಅವಳಿದ್ದ ಕ್ಯಾನಿಂಗ್ ವೇಲ್ ಬಡಾವಣೆಯಿಂದ ಕಳಿಸುತ್ತಿದ್ದರು. ಅಂಕಲ್ ಜೀವಮಾನವಿಡೀ ಕಲಿಸಿದ್ದು ಹಳೆಯ ಯಹೂದಿ ಗುರುಗಳ ವಾದವಿವಾದಗಳ ಗ್ರಂಥ. ಅದನ್ನು ಒಬ್ಬರೇ ಓದಿದರೆ ಓದಿದಂತಲ್ಲ. ಎದುರಾಡುವ ಜೊತೆಗಾರ ಬೇಕು. ಮೂವತ್ತು ವರ್ಷ ಎದುರಾಡಿದ ಮಾರಿಸ್ ಮಾರ್ಚ್‌ನಲ್ಲಿ ತೀರಿಕೊಂಡಾಗ ಅಧ್ಯಾಯದ ಕೊನೆಯ ಪುಟ ಉಳಿದುಹೋಗಿತ್ತು. ನಾಳೆ ಮಗಳು ಬಂದು ಅವರನ್ನು ಅಡಿಲೇಡ್‌ಗೆ, ಮಾಡ್ಬರಿಯ ತನ್ನ ಮನೆಗೆ ಕರೆದೊಯ್ಯುವವಳು. ಅಲ್ಲಿ ಜೊತೆಗಾರರು ಸಿಗುವ ಭರವಸೆಯಿಲ್ಲ. ಆ ಪುಟ ಇವತ್ತೇ ಮುಗಿಯಬೇಕು.

ಅಂಕಲ್‌ಗೆ ಕಣ್ಣು ಮಂಜು. ಹಾಗಾಗಿ ಇಂಗ್ಲಿಷ್ ಅನುವಾದ ಓದುವ ಪಾಳಿ ಇವಳದಾಗಿತ್ತು. ತಂದೆಯೂ ಗುರುವೂ ಹೊರೆ ಹೊತ್ತು ಎದುರಾದರೆ ಮೊದಲು ಗುರುವಿನ ಹೊರೆ ಇಳಿಸಬೇಕು, ಯಾಕೆಂದರೆ ತಂದೆ ಈ ಲೋಕಕ್ಕೆ ತಂದವನು, ಗುರು ಪರಲೋಕಕ್ಕೆ ದಾರಿ ತೋರಿದವನು ಎಂದಿತ್ತು ಅಲ್ಲಿ. ಪರ್ಪೆಚುವಾ ಓದುವುದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಳು. ಅವಳ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವನು. ಸಂಜೆ ಕತ್ತು ತಿರುಗಿಸಲಾಗದೆ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ.

"ಇಲ್ಲ ಅಂಕಲ್, ಇದು ಸರಿಯಿಲ್ಲ," ಎಂದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಹೊರೆ ಹೊತ್ತಿದ್ದು ನಮ್ಮಪ್ಪ. ನಾನು ಅವರದನ್ನೇ ಮೊದಲು ಇಳಿಸ್ತೀನಿ. ಪರಲೋಕ ಸ್ವಲ್ಪ ಕಾಯ್ಲಿ."

ತಪ್ಪಾಯಿತೇನೋ ಎಂದು ಅವಳು ಪುಟದಿಂದ ಕಣ್ಣೆತ್ತಲಿಲ್ಲ. ಅಂಕಲ್ ಮುಂದಕ್ಕೆ ಬಾಗಿ, ಈ ಪುಟ ಓದುವಷ್ಟು ಅಕ್ಷರ ಕೊಟ್ಟವರು ಯಾರು, ಗುರುವಲ್ಲವೇ ಎಂದು ಕೇಳಿದರು.

"ಆ ಗುರು ಹತ್ರ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಿದ್ದು ಯಾರು?"

ಅಂಕಲ್ ಗಹಗಹಿಸಿ ನಕ್ಕರು. ಅಲ್ಲಿಂದ ಅರ್ಧ ಗಂಟೆ ಇಬ್ಬರೂ ಪಟ್ಟು ಬಿಡಲಿಲ್ಲ. ಚಹಾ ಆರಿ ತಣ್ಣಗಾಯಿತು. ಒಮ್ಮೆ ಅವಳು ಸೋತಳು, ಎರಡು ಸಲ ಅವರು. ಕೊನೆಯ ಸಾಲು ಮುಗಿದಾಗ ಅಂಕಲ್ ಹೀಬ್ರೂ ಭಾಷೆಯಲ್ಲಿ ಏನನ್ನೋ ಮೆಲ್ಲಗೆ ಹೇಳಿಕೊಂಡು ಪುಸ್ತಕಕ್ಕೆ ಮುತ್ತಿಟ್ಟರು. ಪರ್ಪೆಚುವಾಗೆ ಮನಸ್ಸು ತುಂಬಿ ಬಂತು. ದೇವರ ಮಾತಿನ ಬಗ್ಗೆ ನಿನಗೇನನ್ನಿಸುತ್ತದೆ ಎಂದು ಐವತ್ತೆರಡು ವರ್ಷದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಥ್ಯಾಂಕ್ಸ್ ಹೇಳಲು ಹೋಗಿ, ರಾತ್ರಿಯ ಮಾತ್ರೆ ಮರೀಬೇಡಿ ಎಂದಷ್ಟೇ ಹೇಳಿದಳು. ಬ್ಯಾಗು ಹೆಗಲಿಗೇರಿಸಿ ಹೊರಟಳು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ದಿನವೂ ಇವಳ ಎರಡು ಕೈ ಆಸರೆಯಿಲ್ಲದೆ ಏಳಲಾಗದವರು ಮೇಜಿಗೆ ಅಂಗೈ ಊರಿ ಏಳುತ್ತಿದ್ದರು. ಅವಳು ಗಾಬರಿಯಿಂದ ಓಡಿ ಬಂದಳು.

"ಹಿಡೀಬೇಡ," ಎಂದರು ಅಂಕಲ್. "ಕಲಿಸಿದವರು ಹೊರಟಾಗ ನಾವು ಎದ್ದು ನಿಲ್ತೀವಿ."

ಅವಳು ಕಾರನ್ನು ರಸ್ತೆಗಿಳಿಸಿ ತಿರುಗಿ ನೋಡಿದಳು. ಕಿಟಕಿಯೊಳಗೆ ಅವರು ಇನ್ನೂ ನಿಂತೇ ಇದ್ದರು.