ತೋರುಬೆರಳಿನ ಕೆಂಪು ಗುಳ್ಳೆ

ಇಳಕಲ್ಲಿನಲ್ಲಿ ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸುವವರು ಸಾವಿರ ಜನ ಇರಬಹುದು. ಕಣ್ಣು ಮುಚ್ಚಿ ಜೋಡಿಸುವವನು ನಾನೊಬ್ಬನೇ. ಈ ಶಂಕ್ರಪ್ಪ ಹಾಕಿದ ಗಂಟು ಆನೆ ಜಗ್ಗಿದರೂ ಬಿಚ್ಚದು. ಅಂಥ ನನ್ನ ತೋರುಬೆರಳಿನ ತುದಿಗೇ ಒಂದು ಕೆಂಪು ಗುಳ್ಳೆ ಎದ್ದು, ನೋಡನೋಡುತ್ತ ಬಾದಾಮಿಯ ಗುಡ್ಡದಷ್ಟಾಯಿತು. ಎಳೆ ತಾಗಿದರೆ ಸಾಕು, ರಕ್ತ. ಅಪ್ಪನ ನಾಲಿಗೆಯ ಮೇಲಿನ ಗಂಟೂ ಹೀಗೇ ರಕ್ತ ಸುರಿಸಿ, ಕೊನೆಗೆ ಅವನನ್ನೇ ಒಯ್ದಿತ್ತು. ನಾನು ಯಾರಿಗೂ ಹೇಳಲಿಲ್ಲ. ಸೆರಗಿನ ರೇಷ್ಮೆ ಕೆಂಪು, ರಕ್ತವೂ ಕೆಂಪು; ಯಾರಿಗೆ ಕಾಣಬೇಕು?

ಸೆರಗಿನ ಬಿಳಿ ಪಟ್ಟಿ ನೇಯುವ ದಿನ ಹೆಂಡತಿ ಗುರುಲಿಂಗವ್ವ ಮಗ್ಗದ ಮೇಲೆ ಬಗ್ಗಿ ಕೆಂಪು ಕಲೆ ನೋಡಿದಳು.

“ಇದೇನ್ರಿ, ಕಲಿ?”

“ಕುಂಕುಮ.”

“ನೀವ್ಯಾವಾಗ ಕುಂಕುಮ ಹಚ್ಚಾಕ ಹತ್ತೀರಿ? ತಡೀರಿ, ನೀರು ತರ್ತೇನಿ. ಆಮ್ಯಾಲ ಕೈ ತೋರಸ್ರಿ.”

ಅವಳು ಬರುವಷ್ಟರಲ್ಲಿ ಗುಳ್ಳೆಯನ್ನೇ ಮುಗಿಸಿಬಿಡೋಣವೆಂದು ಅದರ ಬುಡಕ್ಕೆ ರೇಷ್ಮೆ ಎಳೆ ಸುತ್ತಿ, ಗಂಟು ಹಾಕಿ ಜಗ್ಗಿದೆ. ತಲೆ ಹಾರಿತು, ಬುಡ ಉಳಿಯಿತು. ಮಲಪ್ರಭೆಗೆ ಮಹಾಪೂರ ಬಂದಂತೆ ರಕ್ತ.

ಬಾಗಲಕೋಟೆಯ ಬಸ್ಸಿನಲ್ಲಿ ಅವಳು ಅರಿವೆ ಒತ್ತಿ ಹಿಡಿದಳು. ನಿಂತಿತೇ ಎಂದು ನಾನು ಮತ್ತೆ ಮತ್ತೆ ತೆಗೆದು ನೋಡಿದೆ. ಹುನಗುಂದ ದಾಟುವಾಗ ಅರಿವೆಯ ಬಣ್ಣವೇ ಬದಲಾಗಿತ್ತು.

“ತಗದ್ ತಗದ್ ನೋಡಿದ್ರ ಹ್ಯಾಂಗ ನಿಲ್ತದ್ರಿ?” ಎಂದರು ಚರ್ಮದ ಡಾಕ್ಟರ್ ಮುಬಶೀರಾ. ಗಡಿಯಾರ ನೋಡುತ್ತ, ಬಿಡದೆ ಒತ್ತಿ ಹಿಡಿದರು. ರಕ್ತ ನಿಂತಿತು.

“ಬೆರಳು ತಗೀತೀರೇನ್ರಿ?” ತಾಲೂಕಿಗೆಲ್ಲ ಕೇಳಿಸುವ ನನ್ನ ದನಿ ಸೊಳ್ಳೆಯದಾಗಿತ್ತು.

“ಬೆರಳಲ್ರಿ, ಗುಳ್ಳಿ ಬುಡ. ಸಣ್ಣ ಸಣ್ಣ ರಕ್ತನಾಳ ಗುಂಪುಗೂಡಿ ಆಗೋ ಗಂಟು ಇದ್ದಂಗ ಅದ. ಒಮ್ಮೊಮ್ಮೆ ಸಣ್ಣ ಗಾಯದ ಮ್ಯಾಲ ಏಳ್ತದ. ಕೆರದು ಪರೀಕ್ಷೆಗೆ ಕಳಸ್ತೇನಿ.”

“ಕ್ಯಾನ್ಸರೇನ್ರಿ?” ಎಂದು ಗುರುಲಿಂಗವ್ವ ಕೇಳಿಬಿಟ್ಟಳು. ಆ ಮಾತು ನನ್ನ ಬಾಯಿಂದ ಹೊರಟಿರಲಿಲ್ಲ.

“ನನಗ ಹಂಗ ಅನಸೂದಿಲ್ಲ. ರಿಪೋರ್ಟ್ ಬರಲಿ.”

ಬೆರಳು ಮರಗಟ್ಟಲು ಸೂಜಿ ಚುಚ್ಚಿ, ಬುಡ ಕೆರೆದು ಸುಟ್ಟು, ಪಟ್ಟಿ ಕಟ್ಟಿದರು.

ವಾರವಿಡೀ ಮಗ್ಗ ನಿಂತಿತ್ತು. ನಾನು ರೊಟ್ಟಿ ಮುಟ್ಟಲಿಲ್ಲ. ಕೊನೆಗೆ ಫೋನ್ ಬಡಿದುಕೊಂಡಿತು. ನಾನು ಅದನ್ನು ಹೆಂಡತಿಯ ಕೈಗೆ ತುರುಕಿದೆ. ಅವಳು ಹೂಂ, ಹೂಂ ಎಂದಳೇ ಹೊರತು ಮುಖದಲ್ಲಿ ಏನೂ ಕಾಣಲಿಲ್ಲ.

“ಏನಂತ?”

ಅವಳು ಫೋನ್ ಇಟ್ಟು ಹೊಸ್ತಿಲ ಪಕ್ಕ ಕುಳಿತಳು. “ಕ್ಯಾನ್ಸರ್ ಅಲ್ಲಂತ. ಮತ್ತ ಬೆಳದ್ರ ದಾರ ಗೀರ ಕಟ್ಟಬ್ಯಾಡ್ರಿ, ಸೀದಾ ದವಾಖಾನಿಗೆ ಬರ್ರಿ ಅಂದ್ರು.”

ಆ ಮಧ್ಯಾಹ್ನ ನಾನು ಒಂದು ಬುಟ್ಟಿ ರೊಟ್ಟಿ ತಿಂದೆ. ಎರಡೇ ತಿಂದಿರಿ ಎನ್ನುತ್ತಾಳೆ ಗುರುಲಿಂಗವ್ವ. ಬಡಿಸುವಾಗೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದವಳ ಲೆಕ್ಕವನ್ನು ಯಾರು ನಂಬುತ್ತಾರೆ?