ಮೊಣಕಾಲಿನ ಮೇಡಂ ಬೆಟ್ಟ ಹತ್ತಿದ್ದು

ನನ್ನ ಹೆಸರು ರೇಚಲ್. ಮಣಿಪಾಲದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಹನ್ನೊಂದು ವರ್ಷಗಳಿಂದ ಜನರ ಮೊಣಕಾಲು ಬಗ್ಗಿಸುತ್ತ, ಬಯ್ಯುತ್ತ ಬಂದಿದ್ದೇನೆ. ರೋಗಿಗಳು ಎದುರಿಗೆ ಮೇಡಂ ಎನ್ನುತ್ತಾರೆ; ಬೆನ್ನ ಹಿಂದೆ ಏನೆನ್ನುತ್ತಾರೋ ಕೇಳಲು ಹೋಗಿಲ್ಲ.

ಕಳೆದ ಅಕ್ಟೋಬರಿನಲ್ಲಿ ಉಡುಪಿಯ ಪ್ರವಾಸ ತಂಡವೊಂದರ ಜೊತೆ ಭೂತಾನಿಗೆ ಹೊರಟೆ. ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡದ್ದೇ ಒಬ್ಬ ಹಿರಿಯರು ಕಂಬದ ಹಿಂದೆ ಸರಿದರು. ಬೆಳ್ಮಣ್ಣಿನ ಅಣ್ಣು, ಎಪ್ಪತ್ತೊಂದು ವರ್ಷ, ಎರಡೂ ಮೊಣಕಾಲು ಸವೆದಿವೆ. ಮೆಟ್ಟಿಲಿನ ಕಡೆ ನೋಡಲೂಬಾರದೆಂದು ಜೂನ್ ತಿಂಗಳಲ್ಲಿ ನಾನೇ ಅಪ್ಪಣೆ ಮಾಡಿದ್ದೆ. ಮಗಳು ಆಶ್ರಿತಾ ಕೇಳದೆಯೇ ಟಿಕೆಟ್ ಮಾಡಿಸಿಬಿಟ್ಟಳೆಂದು ಕಂಬದ ಮರೆಯಿಂದಲೇ ವಿವರಣೆ ಕೊಟ್ಟರು. ಹಾಗಾದರೆ ಅಲ್ಲಿ ಬೆಟ್ಟ ಹತ್ತುವ ದಿನ ಬುಡದಲ್ಲೇ ಕುಳಿತಿರಬೇಕೆಂದು ಹೇಳಿದೆ.

ಭೂತಾನಿನ ಪಾರೋದಲ್ಲಿರುವ ಬೌದ್ಧ ದೇವಾಲಯ ಬೆಟ್ಟದ ಮೇಲಿನ ಕಡಿದಾದ ಬಂಡೆಗೆ ಅಂಟಿಕೊಂಡಂತಿದೆ. ಕೆಳಗೆ ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಉಸಿರಾಟದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿ, ಎಲ್ಲರಿಗಿಂತ ಮುಂದೆ ಹೊರಟೆ. ನಲವತ್ತು ನಿಮಿಷದೊಳಗೆ ಎಲ್ಲರೂ ನನ್ನನ್ನು ದಾಟಿ ಹೋದರು. ಬೂಟಿನ ಲೇಸು ಕಟ್ಟುವ ನೆಪದಲ್ಲಿ ಪೈನ್ ಮರದಡಿ ಕುಳಿತೆ. ನನ್ನ ಬೂಟಿಗೆ ಲೇಸೇ ಇರಲಿಲ್ಲ.

ಅಷ್ಟರಲ್ಲಿ ಅಣ್ಣು ಕೋಲೂರಿಕೊಂಡು ಬಂದರು. ಅವಸರವಿಲ್ಲ, ನಿಲ್ಲುವುದೂ ಇಲ್ಲ. ನನ್ನನ್ನು ಕಂಡು ಗಕ್ಕನೆ ನಿಂತರು.

"ಬಯ್ಯಬೇಡಿ ಮೇಡಂ. ಕೆಳಗೆ ಕುಳಿತು ಬೇಜಾರಾಯಿತು."

ಬಯ್ಯಲು ಉಸಿರು ಬೇಕಲ್ಲ. ಮೀನಖಂಡ ಹಿಡಿದುಕೊಂಡಿದೆ ಎಂದು ಸನ್ನೆ ಮಾಡಿದೆ. ಅವರು ಕಿಸೆಯಿಂದ ಬೆಲ್ಲದ ಚೂರು ತೆಗೆದುಕೊಟ್ಟರು.

"ಆ ಬಂಡೆಯವರೆಗೆ ಹೋಗುವ. ಆಮೇಲೆ ಬೇಡದಿದ್ದರೆ ಬೇಡ."

ಬಂಡೆ ಬಂತು, ಅವರು ಇನ್ನೊಂದು ಬಂಡೆ ತೋರಿಸಿದರು. ಕಾರ್ಕಳದ ಗೊಮ್ಮಟ ಬೆಟ್ಟವನ್ನೂ ಹೀಗೆಯೇ ಹತ್ತಿದ್ದರಂತೆ, ನನ್ನ ಅಪ್ಪಣೆಯಾದ ಮರುತಿಂಗಳೇ. ನಾನು ಬೆಲ್ಲ ಚೀಪುತ್ತ ಅವರ ಹಿಂದೆ ನಡೆದೆ.

ಮೇಲೆ ದೇವಾಲಯದೊಳಗೆ ದೀಪಗಳು ಉರಿಯುತ್ತಿದ್ದವು. ಚರ್ಚಿಗೆ ಹೋಗುವವಳಾದ ನನಗೆ ಅಲ್ಲಿ ಹೇಗೆ ಕೈಮುಗಿಯುವುದೆಂದು ತಿಳಿಯಲಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿದೆ. ಧ್ಯಾನವೆಂದು ತಿಳಿದ ಭಿಕ್ಷುವೊಬ್ಬರು ಜನರನ್ನು ಆಚೆಯಿಂದ ಕಳಿಸಿದರು. ಅಣ್ಣು ನಿಂತೇ ಕೈಮುಗಿದರು, ನೆಲಕ್ಕೆ ಕುಳಿತರೆ ಏಳಲಾಗದು. ಇಷ್ಟು ಎತ್ತರ ತನಗೆ ಇನ್ನು ಸಿಗುವುದಿಲ್ಲವೆಂದುಕೊಂಡಿದ್ದಾಗಿ ಮೆಲ್ಲಗೆ ಹೇಳಿದರು. ಹಾಗೆಂದುಕೊಳ್ಳಲು ಕಾರಣಳಾದ ನಾನು ಪಕ್ಕದಲ್ಲೇ ಇದ್ದೆ.

ಇಳಿಯುವಾಗ ಅವರ ಮೊಣಕಾಲು ಊದಿತು. ನನ್ನ ಶಾಲು ಬಿಗಿದು ಕಟ್ಟಿದೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೊನೆಯವರಾಗಿ ಬಸ್ಸು ತಲುಪಿದೆವು. ತಂಡದ ಮುಖ್ಯಸ್ಥ ಲಿಯೋನೆಲ್, ರೋಗಿಗಾಗಿ ಮೇಡಂ ಹಿಂದೆ ಉಳಿದರೆಂದು ಎಲ್ಲರಿಗೂ ಸಾರಿದ. ಚಪ್ಪಾಳೆ ಬಿತ್ತು. ನಿಜ ಹೇಳಲು ಬಾಯಿ ತೆರೆದೆ.

"ಹೌದು," ಎಂದರು ಅಣ್ಣು, "ಮೇಡಂ ದಾರಿಯಲ್ಲಿ ಸಿಗದಿದ್ದರೆ ನಾನು ಅರ್ಧಕ್ಕೇ ಹಿಂದಿರುಗುತ್ತಿದ್ದೆ."

ಬಾಯಿ ಮುಚ್ಚಿದೆ. ಚಪ್ಪಾಳೆ ನಿಲ್ಲುವವರೆಗೂ ನಗುತ್ತ ನಿಂತೆ.